ಕಾರಿನ ಕತ್ತಿಗೆ ತುಕ್ಕು ಹಿಡಿದಾಗ

ಮಕ್ಕಳೇ, ಬಂಕಿನಲ್ಲಿ ಕಾರಿಗೆ ಪೆಟ್ರೋಲ್ ಹಾಕುವುದನ್ನು ನೀವು ನೋಡಿರುತ್ತೀರಿ. ಹಿಂದಿನ ಚಕ್ರದ ಹತ್ತಿರ, ಕಾರಿನ ಪಕ್ಕದಲ್ಲಿ, ಅಂಗೈ ಅಗಲದ ಒಂದು ಪುಟ್ಟ ಬಾಗಿಲು ಇರುತ್ತದೆ. ಅದನ್ನು ತೆರೆದರೆ ಒಳಗೆ ಒಂದು ಮುಚ್ಚಳ. ಮುಚ್ಚಳ ತಿರುಗಿಸಿ ತೆಗೆದು, ಪಂಪಿನ ಮೂತಿಯನ್ನು ಒಳಗಿಟ್ಟು ಪೆಟ್ರೋಲ್ ಬಿಡುತ್ತಾರೆ. ಆದರೆ ಪೆಟ್ರೋಲ್ ಟ್ಯಾಂಕ್ ಅಲ್ಲಿ ಇಲ್ಲ! ಅದು ಕಾರಿನ ಅಡಿಯಲ್ಲಿ, ಸಾಮಾನ್ಯವಾಗಿ ಹಿಂದಿನ ಸೀಟಿನ ಕೆಳಗೆ ಅಥವಾ ಅದರ ಹಿಂದೆ ಇರುತ್ತದೆ. ಹಾಗಾದರೆ ಮೇಲೆ ಸುರಿದ ಪೆಟ್ರೋಲ್ ಅಲ್ಲಿಗೆ ಹೋಗುವುದು ಹೇಗೆ?

ಬಾಯಿಯಿಂದ ಟ್ಯಾಂಕಿನವರೆಗೆ ಒಂದು ಬಾಗಿದ ಕೊಳವೆ ಇದೆ. ಮೆಕ್ಯಾನಿಕ್‌ಗಳು ಇದನ್ನು ಫಿಲ್ಲರ್ ನೆಕ್ ಎನ್ನುತ್ತಾರೆ. ಕೊಡಕ್ಕೆ ಕಂಠ ಇರುವಂತೆ ಟ್ಯಾಂಕಿಗೆ ಇದು ಕತ್ತು. ಹಳೆಯ ಕಾರುಗಳಲ್ಲಿ ಈ ಕತ್ತನ್ನು ತೆಳುವಾದ ಉಕ್ಕಿನಿಂದ ಮಾಡಿರುತ್ತಾರೆ. ವರ್ಷಗಳು ಕಳೆದಂತೆ ಅದಕ್ಕೆ ತುಕ್ಕು ಹಿಡಿಯುತ್ತದೆ, ತೂತು ಬೀಳುತ್ತದೆ. ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಬೀಳುವ ಈ ಸಣ್ಣ ತೂತು ದೊಡ್ಡ ಅಪಾಯವನ್ನು ತರಬಲ್ಲದು. ತುಕ್ಕು ಏಕೆ ಬರುತ್ತದೆ, ಅದನ್ನು ಹೇಗೆ ಪತ್ತೆ ಹಚ್ಚುತ್ತಾರೆ, ಹಳೆಯ ಕತ್ತನ್ನು ತೆಗೆದು ಹೊಸದನ್ನು ಹೇಗೆ ಕೂಡಿಸುತ್ತಾರೆ ಎಂಬುದನ್ನು ಈಗ ತಿಳಿಯೋಣ.

ಒಂದು ಕೊಳವೆಯಲ್ಲ, ಎರಡು

ಕಿರಿದಾದ ಬಾಯಿಯ ಬಾಟಲಿಗೆ ಬೇಗ ಬೇಗ ನೀರು ಸುರಿದರೆ ಏನಾಗುತ್ತದೆ? ಗುಳುಗುಳು ಸದ್ದು ಮಾಡಿ ನೀರು ಹೊರಗೆ ಚೆಲ್ಲುತ್ತದೆ. ಬಾಟಲಿ ಖಾಲಿಯಾಗಿ ಕಂಡರೂ ಅದರ ತುಂಬ ಗಾಳಿ ಇದೆ. ಗಾಳಿ ಹೊರಗೆ ಬಂದರೆ ಮಾತ್ರ ನೀರು ಒಳಗೆ ಹೋಗಲು ಸಾಧ್ಯ. ಟ್ಯಾಂಕಿನ ಕತೆಯೂ ಇದೇ. ಆದ್ದರಿಂದ ದಪ್ಪ ಕೊಳವೆಯ ಜೊತೆಗೆ ಒಂದು ಸಣ್ಣ ಕೊಳವೆಯನ್ನೂ ಇಟ್ಟಿರುತ್ತಾರೆ. ದಪ್ಪ ಕೊಳವೆಯಲ್ಲಿ ಪೆಟ್ರೋಲ್ ಕೆಳಗಿಳಿಯುತ್ತದೆ, ಸಣ್ಣ ಕೊಳವೆಯಲ್ಲಿ ಗಾಳಿ ಮೇಲೆ ಬರುತ್ತದೆ. ಎರಡನ್ನೂ ಟ್ಯಾಂಕಿಗೆ ರಬ್ಬರ್ ಕೊಳವೆಗಳಿಂದ ಜೋಡಿಸಿ, ಸುತ್ತಲೂ ಕ್ಲಿಪ್ ಹಾಕಿ ಬಿಗಿದಿರುತ್ತಾರೆ.

ಟ್ಯಾಂಕ್ ತುಂಬಿದ ಕೂಡಲೇ ಪಂಪಿನ ಮೂತಿ 'ಟಕ್' ಎಂದು ತಾನೇ ನಿಲ್ಲುವುದನ್ನು ಗಮನಿಸಿದ್ದೀರಾ? ಮೂತಿಯ ತುದಿಯಲ್ಲಿ ಒಂದು ಚಿಕ್ಕ ರಂಧ್ರವಿದೆ. ಪೆಟ್ರೋಲ್ ಹರಿಯುವಾಗ ಆ ರಂಧ್ರದಿಂದ ಗಾಳಿ ಒಳಗೆ ಸೆಳೆಯಲ್ಪಡುತ್ತಿರುತ್ತದೆ. ಪೆಟ್ರೋಲ್ ಮೇಲೇರಿ ರಂಧ್ರವನ್ನು ಮುಚ್ಚಿದಾಗ ಗಾಳಿ ಸಿಗುವುದಿಲ್ಲ. ಆಗ ಒಳಗೆ ಒತ್ತಡ ಕಡಿಮೆಯಾಗಿ ಕವಾಟ ಮುಚ್ಚಿಕೊಳ್ಳುತ್ತದೆ. ಗಾಳಿಯ ಸಣ್ಣ ಕೊಳವೆಯಲ್ಲಿ ತುಕ್ಕಿನ ಚೂರು, ಮಣ್ಣು ಕಟ್ಟಿಕೊಂಡಿದ್ದರೆ ಪೆಟ್ರೋಲ್ ಕತ್ತಿನಲ್ಲೇ ನಿಂತು ಮೇಲೇರುತ್ತದೆ. ಟ್ಯಾಂಕ್ ಖಾಲಿ ಇದ್ದರೂ ಪಂಪು ಮತ್ತೆ ಮತ್ತೆ 'ಟಕ್' ಎನ್ನುತ್ತದೆ. ಇದು ಕಾರು ನಮಗೆ ಹೇಳುವ ಮೊದಲ ಸುದ್ದಿ.

ತುಕ್ಕು ಎಂದರೇನು?

ಕಬ್ಬಿಣವು ಗಾಳಿಯಲ್ಲಿರುವ ಆಮ್ಲಜನಕ ಮತ್ತು ನೀರಿನೊಡನೆ ಸೇರಿದಾಗ ಕಂದುಗೆಂಪು ಬಣ್ಣದ ಹೊಸ ವಸ್ತು ಉಂಟಾಗುತ್ತದೆ. ಅದೇ ತುಕ್ಕು. ಇದು ರಾಸಾಯನಿಕ ಬದಲಾವಣೆ. ತುಕ್ಕನ್ನು ಉಜ್ಜಿ ತೆಗೆಯಬಹುದೇ ಹೊರತು ಅದನ್ನು ಮತ್ತೆ ಸುಲಭವಾಗಿ ಕಬ್ಬಿಣವನ್ನಾಗಿ ಮಾಡಲು ಬರುವುದಿಲ್ಲ. ಉಕ್ಕಿನಲ್ಲಿ ಇರುವುದೂ ಬಹುಪಾಲು ಕಬ್ಬಿಣವೇ. ಆದ್ದರಿಂದ ಸಾಮಾನ್ಯ ಉಕ್ಕಿಗೂ ತುಕ್ಕು ಹಿಡಿಯುತ್ತದೆ.

ಅಲ್ಯೂಮಿನಿಯಂ ಕೂಡ ಆಮ್ಲಜನಕದೊಡನೆ ಸೇರುತ್ತದೆ. ಆದರೆ ಅಲ್ಲಿ ಉಂಟಾಗುವ ಪದರ ತೆಳುವಾಗಿ, ಗಟ್ಟಿಯಾಗಿ ಅಂಟಿಕೊಂಡು ಒಳಗಿನ ಲೋಹವನ್ನು ಕಾಪಾಡುತ್ತದೆ. ಕಬ್ಬಿಣದ ತುಕ್ಕು ಹಾಗಲ್ಲ. ಅದು ಕಬ್ಬಿಣಕ್ಕಿಂತ ಹೆಚ್ಚು ಜಾಗ ತೆಗೆದುಕೊಂಡು ಉಬ್ಬುತ್ತದೆ, ಪುಡಿಪುಡಿಯಾಗಿ ಉದುರುತ್ತದೆ. ಉದುರಿದ ಜಾಗದಲ್ಲಿ ಹೊಸ ಕಬ್ಬಿಣ ಗಾಳಿ ನೀರಿಗೆ ಒಡ್ಡಿಕೊಳ್ಳುತ್ತದೆ. ಹೀಗೆ ಪದರ ಪದರವಾಗಿ ತಿಂದು ಕೊನೆಗೆ ತೂತು ಬೀಳುತ್ತದೆ.

ನಿಮ್ಮ ಸುತ್ತಲೇ ಇದಕ್ಕೆ ಉದಾಹರಣೆಗಳಿವೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿ ಇದೆ. ಚಿನ್ನವು ಆಮ್ಲಜನಕದೊಡನೆ ಸುಲಭವಾಗಿ ಸೇರುವುದಿಲ್ಲ. ಅದಕ್ಕೇ ನೂರಾರು ವರ್ಷ ಮಣ್ಣಿನಲ್ಲಿದ್ದರೂ ಅದರ ಹೊಳಪು ಹಾಳಾಗುವುದಿಲ್ಲ. ಮಸ್ಕಿ ಎಂದರೆ ನಮಗೆ ಅಶೋಕನ ಶಾಸನ ನೆನಪಾಗುತ್ತದೆ. 1915ರಲ್ಲಿ ಬೆಳಕಿಗೆ ಬಂದ ಆ ಶಾಸನವನ್ನು ಬಂಡೆಯ ಮೇಲೆ ಕೆತ್ತಲಾಗಿದೆ. 1954ರಲ್ಲಿ ಅದೇ ಮಸ್ಕಿಯಲ್ಲಿ ಪುರಾತತ್ವ ಇಲಾಖೆಯವರು ನೆಲ ಅಗೆದಾಗ ಎರಡು ಸಾವಿರ ವರ್ಷಗಳಿಗೂ ಹಿಂದಿನ ಜನರು ಬಳಸಿದ ಕಬ್ಬಿಣದ ವಸ್ತುಗಳು ದೊರೆತವು. ಅಷ್ಟು ಹಿಂದೆಯೇ ಈ ನೆಲದ ಜನರಿಗೆ ಕಬ್ಬಿಣದ ಬಳಕೆ ಗೊತ್ತಿತ್ತು. ಕಬ್ಬಿಣ ಬಳಸುವವರು ತುಕ್ಕಿನೊಡನೆಯೂ ಬಾಳಬೇಕು. ನಿಮ್ಮ ಮನೆಯ ಕುಡುಗೋಲು, ಸಲಿಕೆ, ಕುಂಟೆಯ ಅಲಗನ್ನು ಕೆಲಸ ಮುಗಿದ ಮೇಲೆ ಒರೆಸಿ ಎಣ್ಣೆ ಸವರಿ ಇಡುವುದು ಇದಕ್ಕಾಗಿಯೇ.

ಎರೆ ಮಣ್ಣು ಮತ್ತು ಸವಳು

ಸಂತೆಕಲ್ಲೂರಿನಿಂದ ಮಸ್ಕಿಗೋ ಲಿಂಗಸುಗೂರಿಗೋ ಸಿಂಧನೂರಿಗೋ ಓಡಾಡುವ ಒಂದು ಹಳೆಯ ಕಾರನ್ನು ಕಲ್ಪಿಸಿಕೊಳ್ಳಿ. ಈ ಭಾಗದಲ್ಲಿ ಎರೆ ಭೂಮಿ ಹೆಚ್ಚು. ಸಿಂಧನೂರಿನ ಕಡೆಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತ ಬೆಳೆಯುತ್ತಾರೆ. ನಾಟಿಯ ಕಾಲದಲ್ಲಿ ಕೆಸರು ಗದ್ದೆಯಿಂದ ಹೊರಬಂದ ಟ್ರ್ಯಾಕ್ಟರುಗಳು ರಸ್ತೆಯ ಮೇಲೆ ಮಣ್ಣಿನ ಹೆಂಟೆಗಳನ್ನು ಬೀಳಿಸಿಕೊಂಡು ಹೋಗುತ್ತವೆ. ಕಾರಿನ ಚಕ್ರ ಅದರ ಮೇಲೆ ಉರುಳಿದಾಗ ಕೆಸರು ಮೇಲಕ್ಕೆ ಸಿಡಿಯುತ್ತದೆ. ಎಲ್ಲಿಗೆ ಸಿಡಿಯುತ್ತದೆ? ಚಕ್ರದ ಮೇಲಿನ ಕಮಾನಿನ ಒಳಗೆ. ಬಹಳಷ್ಟು ಕಾರುಗಳಲ್ಲಿ ಪೆಟ್ರೋಲ್ ಕತ್ತು ಹಾದು ಹೋಗುವುದೂ ಅಲ್ಲಿಯೇ!

ಎರೆ ಮಣ್ಣು ತುಂಬ ಸಣ್ಣ ಕಣಗಳಿಂದ ಕೂಡಿದೆ. ಅದು ನೀರನ್ನು ಬಹಳ ಹೊತ್ತು ಹಿಡಿದಿಡುತ್ತದೆ. ಹತ್ತಿ, ಜೋಳದ ಬೆಳೆಗೆ ಈ ಗುಣ ವರ. ಆದರೆ ಕಬ್ಬಿಣಕ್ಕೆ ಅದೇ ಶಾಪ. ಮಳೆಯ ನೀರು ಬಿದ್ದ ಉಕ್ಕಿನ ಕೊಳವೆ ಬಿಸಿಲಿಗೆ ಬೇಗ ಒಣಗುತ್ತದೆ. ಆದರೆ ಕತ್ತಿಗೂ ಕಾರಿನ ತಗಡಿಗೂ ನಡುವಿನ ಸಂದಿಯಲ್ಲಿ ಸಿಕ್ಕಿಕೊಂಡ ಎರೆ ಮಣ್ಣು ದಿನಗಟ್ಟಲೆ ತೇವವಾಗಿರುತ್ತದೆ. ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿ ಇರುತ್ತದೆ. ಒದ್ದೆ ಬಟ್ಟೆ ಸುತ್ತಿ ಇಟ್ಟಂತೆ ಕೊಳವೆಗೆ ತುಕ್ಕು ಏರುತ್ತದೆ.

ಜೊತೆಗೆ ಸವಳು. ಕಾಲುವೆ ನೀರು ಹೆಚ್ಚಾಗಿ ನಿಂತು ಬಸಿದು ಹೋಗದ ಕಡೆ ಮಣ್ಣಿನ ಲವಣಗಳು ಮೇಲಕ್ಕೆ ಬಂದು ಬಿಳಿಯ ಪುಡಿಯಂತೆ ಕಾಣುವುದನ್ನು ನೀವು ನೋಡಿರಬಹುದು. ಇಂಥ ಸವಳು ಭೂಮಿ ತುಂಗಭದ್ರಾ ಅಚ್ಚುಕಟ್ಟಿನಲ್ಲಿಯೂ ಇದೆ. ತುಕ್ಕು ಹಿಡಿಯುವಾಗ ಲೋಹದ ಮೇಲೆ ಅತಿ ಸಣ್ಣ ಪ್ರಮಾಣದ ವಿದ್ಯುತ್ ಹರಿಯುತ್ತಿರುತ್ತದೆ. ಲವಣ ಕರಗಿದ ನೀರಿನಲ್ಲಿ ವಿದ್ಯುತ್ ಸುಲಭವಾಗಿ ಹರಿಯುವುದರಿಂದ ತುಕ್ಕೂ ಬೇಗ ಏರುತ್ತದೆ. ಸಮುದ್ರ ತೀರದ ಊರುಗಳಲ್ಲಿ ಕಿಟಕಿಯ ಸರಳುಗಳು ಬೇಗ ಹಾಳಾಗುವುದಕ್ಕೂ ಇದೇ ಕಾರಣ.

ಇನ್ನೊಂದು ಕಾರಣವೂ ಇದೆ. ಪೆಟ್ರೋಲ್ ಬಾಯಿಯ ಸುತ್ತ ಒಂದು ಬಟ್ಟಲಿನಂಥ ಜಾಗವಿರುತ್ತದೆ. ಅಲ್ಲಿ ಬಿದ್ದ ಮಳೆ ನೀರು, ಚೆಲ್ಲಿದ ಪೆಟ್ರೋಲ್ ಕೆಳಗೆ ಇಳಿದು ಹೋಗಲು ಸಣ್ಣ ತೂತು ಇಟ್ಟಿರುತ್ತಾರೆ. ಧೂಳು, ಎಲೆ ಸೇರಿ ಆ ತೂತು ಕಟ್ಟಿದರೆ ನೀರು ಅಲ್ಲೇ ನಿಲ್ಲುತ್ತದೆ. ಆಗ ಕತ್ತಿನ ಮೇಲ್ತುದಿಯಿಂದಲೇ ತುಕ್ಕು ಶುರುವಾಗುತ್ತದೆ.

ಪತ್ತೇದಾರಿ ಕೆಲಸ

ಕತ್ತು ಕಣ್ಣಿಗೆ ಕಾಣುವುದಿಲ್ಲ. ಹಾಗಾದರೆ ತೂತು ಬಿದ್ದಿದೆ ಎಂದು ತಿಳಿಯುವುದು ಹೇಗೆ? ಈ ಸಂಗತಿಗಳನ್ನು ಓದಿ, ನೀವೇ ಊಹಿಸಿ.

ಟ್ಯಾಂಕನ್ನು ಪೂರ್ತಿ ತುಂಬಿಸಿದ ದಿನ ಹಿಂದಿನ ಚಕ್ರದ ಹತ್ತಿರ ನೆಲ ಒದ್ದೆಯಾಗುತ್ತದೆ. ಅರ್ಧ ಟ್ಯಾಂಕ್ ಇದ್ದಾಗ ನೆಲ ಒಣಗಿರುತ್ತದೆ. ಆದರೆ ಕಾರಿನ ಬಳಿ ಪೆಟ್ರೋಲ್ ವಾಸನೆ ಮಾತ್ರ ಇರುತ್ತದೆ. ತೂತು ಟ್ಯಾಂಕಿನ ತಳದಲ್ಲಿ ಇದೆಯೇ, ಕತ್ತಿನಲ್ಲಿ ಇದೆಯೇ?

ತಳದಲ್ಲಿ ತೂತಿದ್ದರೆ ಪೆಟ್ರೋಲ್ ಎಷ್ಟೇ ಇದ್ದರೂ ಸೋರಬೇಕು. ತುಂಬಿಸಿದಾಗ ಮಾತ್ರ ಸೋರುತ್ತಿದೆ ಎಂದರೆ ತೂತು ಮೇಲೆ ಇರಬೇಕು. ದ್ರವವು ಅಷ್ಟು ಎತ್ತರಕ್ಕೆ ಬಂದಾಗ ಮಾತ್ರ ಹೊರಗೆ ಸೋರುತ್ತದೆ. ಪೆಟ್ರೋಲ್ ಕೆಳಗಿದ್ದಾಗ ಅದರ ಆವಿ ಮಾತ್ರ ಮೇಲೇರಿ ತೂತಿನಿಂದ ಹೊರಬರುತ್ತದೆ. ಅದೇ ವಾಸನೆ. ನೋಡಿದಿರಾ, ಕಾರನ್ನು ಬಿಚ್ಚದೆಯೇ ಯೋಚಿಸಿ ತೂತಿನ ಜಾಗವನ್ನು ಕಂಡುಹಿಡಿದಿರಿ!

ಮಳೆಗಾಲದಲ್ಲಿ ಇನ್ನೊಂದು ಸೂಚನೆ ಸಿಗುತ್ತದೆ. ಚಕ್ರ ಎರಚಿದ ನೀರು ಅದೇ ತೂತಿನಿಂದ ಒಳಗೆ ಹೋಗುತ್ತದೆ. ಪೆಟ್ರೋಲ್ ನೀರಿಗಿಂತ ಹಗುರ. ಒಂದು ಲೀಟರ್ ನೀರು ಸುಮಾರು ಒಂದು ಕಿಲೋಗ್ರಾಂ ತೂಗಿದರೆ ಒಂದು ಲೀಟರ್ ಪೆಟ್ರೋಲ್ ಸುಮಾರು 740 ಗ್ರಾಂ ತೂಗುತ್ತದೆ. ಆದ್ದರಿಂದ ನೀರು ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಎಂಜಿನ್ನಿಗೆ ಪೆಟ್ರೋಲ್ ಎಳೆಯುವ ಕೊಳವೆ ಇರುವುದೂ ತಳದ ಹತ್ತಿರ. ನೀರು ಎಂಜಿನ್ನಿಗೆ ಹೋದರೆ ಕಾರು ಮುಗ್ಗರಿಸುತ್ತದೆ, ದಾರಿಯ ನಡುವೆಯೇ ನಿಲ್ಲಬಹುದು. ಇಂದು ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥನಾಲ್ ಬೆರೆಸಿರುತ್ತಾರೆ. ಎಥನಾಲ್ ನೀರನ್ನು ತನ್ನಲ್ಲಿ ಸೇರಿಸಿಕೊಳ್ಳುತ್ತದೆ. ನೀರು ಮಿತಿಮೀರಿದರೆ ಎರಡೂ ಕೂಡಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಆದ್ದರಿಂದ ಈಗ ಟ್ಯಾಂಕಿಗೆ ನೀರು ಹೋಗದಂತೆ ನೋಡಿಕೊಳ್ಳುವುದು ಇನ್ನೂ ಮುಖ್ಯ.

ನೂರು ಚೆಂಬಿನಲ್ಲಿ ಒಂದೂವರೆ ಚೆಂಬು

ಸೋರಿದ ಪೆಟ್ರೋಲಿನ ಬೆಲೆ ದೊಡ್ಡ ನಷ್ಟವಲ್ಲ. ನಿಜವಾದ ಭಯ ಬೆಂಕಿಯದು. ಉರಿಯುವುದು ದ್ರವ ಪೆಟ್ರೋಲ್ ಅಲ್ಲ, ಅದರ ಆವಿ. ಸೊನ್ನೆ ಡಿಗ್ರಿಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲಿಯೂ ಪೆಟ್ರೋಲ್ ಹೊತ್ತಿಕೊಳ್ಳುವಷ್ಟು ಆವಿ ಬಿಡಬಲ್ಲದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರು ಜಿಲ್ಲೆಯಲ್ಲಿ ಎಷ್ಟು ಆವಿ ಏಳಬಹುದು, ಯೋಚಿಸಿ.

ಈ ಆವಿ ಗಾಳಿಗಿಂತ ಸುಮಾರು ಮೂರರಿಂದ ನಾಲ್ಕು ಪಟ್ಟು ಭಾರ. ಅದು ಮೇಲೆ ಹಾರಿ ಹೋಗದೆ ನೆಲದ ಮೇಲೆ ಹರಿದು ತಗ್ಗಿನಲ್ಲಿ ಸೇರುತ್ತದೆ. ಕಣ್ಣಿಗೆ ಕಾಣುವುದಿಲ್ಲ. ದೂರದಲ್ಲಿ ಉರಿಯುವ ಒಲೆಯನ್ನೋ ಯಾರೋ ಎಸೆದ ಬೀಡಿಯನ್ನೋ ಮುಟ್ಟಿದರೆ ಬೆಂಕಿ ಅಲ್ಲಿಂದ ಕಾರಿನವರೆಗೂ ಓಡಿ ಬರಬಹುದು.

ಗಾಳಿಯಲ್ಲಿ ಪೆಟ್ರೋಲ್ ಆವಿ ಶೇಕಡ 1.4ರಿಂದ 7.6ರವರೆಗೆ ಇದ್ದಾಗ ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ಅಂದರೆ ನೂರು ಚೆಂಬು ಮಿಶ್ರಣದಲ್ಲಿ ಒಂದೂವರೆ ಚೆಂಬು ಆವಿ ಇದ್ದರೆ ಸಾಕು! ಎಂಟು ಚೆಂಬಿಗಿಂತ ಹೆಚ್ಚಾದರೆ ಆಮ್ಲಜನಕ ಸಾಲದೆ ಹೊತ್ತಿಕೊಳ್ಳುವುದಿಲ್ಲ.

ಇದರಿಂದ ಒಂದು ಅಚ್ಚರಿಯ ಸಂಗತಿ ತಿಳಿಯುತ್ತದೆ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕೇ ಹೆಚ್ಚು ಅಪಾಯಕಾರಿ. ತುಂಬಿದ ಟ್ಯಾಂಕಿನಲ್ಲಿ ಗಾಳಿಗೆ ಜಾಗವಿಲ್ಲ. ಖಾಲಿ ಮಾಡಿದ ಟ್ಯಾಂಕಿನಲ್ಲಿ ಉಳಿದ ಸ್ವಲ್ಪ ಪೆಟ್ರೋಲ್ ಆವಿಯಾಗಿ ಗಾಳಿಯೊಡನೆ ಬೆರೆತು ಸಿಡಿಯಲು ತಕ್ಕ ಮಿಶ್ರಣವಾಗುತ್ತದೆ. "ಟ್ಯಾಂಕ್ ಖಾಲಿ ಇದೆ, ಇಲ್ಲೇ ಒಂದು ಬೆಸುಗೆ ಹಾಕಿಬಿಡೋಣ" ಎಂದು ಕಾರಿನಲ್ಲಿರುವ ಕತ್ತಿಗೆ ವೆಲ್ಡಿಂಗ್ ಮಾಡುವುದು ಜೀವಕ್ಕೇ ಅಪಾಯ. ತೂತಿನ ಮೇಲೆ ಅಂಟು ಮೆತ್ತಿದರೂ ಪ್ರಯೋಜನವಿಲ್ಲ. ಅಂಟಿನ ಪಕ್ಕದ ಉಕ್ಕೂ ತುಕ್ಕಿನಿಂದ ತೆಳ್ಳಗಾಗಿರುತ್ತದೆ. ಇಂದು ಇಲ್ಲಿ ಮುಚ್ಚಿದರೆ ನಾಳೆ ಅಲ್ಲಿ ಸೋರುತ್ತದೆ. ಆದ್ದರಿಂದ ಇಡೀ ಕತ್ತನ್ನು ಬದಲಾಯಿಸುವುದೇ ಸರಿಯಾದ ದಾರಿ.

ಹೊಸ ಕತ್ತು ಕೂಡಿಸುವುದು

ಇದು ಅನುಭವವುಳ್ಳ ಮೆಕ್ಯಾನಿಕ್ ಮಾಡುವ ಕೆಲಸ. ನೀವು ಓದಿ ತಿಳಿಯಿರಿ, ಕೈ ಹಾಕಬೇಡಿ.

1. ಪೆಟ್ರೋಲ್ ತಳಮುಟ್ಟಿದಾಗ ಕೆಲಸಕ್ಕೆ ತೊಡಗುತ್ತಾರೆ. ಗಾಳಿಯಾಡುವ ಬಯಲಿನಲ್ಲಿ ಕಾರು ನಿಲ್ಲಿಸಿ ಎಂಜಿನ್ ಆರಲು ಬಿಡುತ್ತಾರೆ. ಸುತ್ತಮುತ್ತ ಒಲೆ, ಬೀಡಿ, ಬೆಸುಗೆ ಯಾವುದೂ ಇರಬಾರದು. ಕಿಡಿ ಹಾರದಿರಲಿ ಎಂದು ಬ್ಯಾಟರಿಯ ತಂತಿಯನ್ನು ಬಿಚ್ಚುತ್ತಾರೆ. ಬೆಂಕಿ ಆರಿಸುವ ಸಾಧನವನ್ನು ಹತ್ತಿರ ಇಟ್ಟುಕೊಳ್ಳುತ್ತಾರೆ.

2. ಮುಚ್ಚಳ ತೆರೆದು ಒಳಗಿನ ಆವಿಯ ಒತ್ತಡ ಇಳಿಯಲು ಬಿಡುತ್ತಾರೆ.

3. ಕಾರನ್ನು ಜಾಕಿನಿಂದ ಎತ್ತಿ, ಕೆಳಗೆ ಗಟ್ಟಿ ಸ್ಟ್ಯಾಂಡ್ ಇಟ್ಟು, ಹಿಂದಿನ ಚಕ್ರ ಬಿಚ್ಚುತ್ತಾರೆ. ಬರೀ ಜಾಕನ್ನು ನಂಬಿ ಕಾರಿನ ಕೆಳಗೆ ಹೋಗಬಾರದು. ಕಮಾನಿನ ಒಳಗಿನ ಮಣ್ಣನ್ನು ಕೆರೆದು ತೊಳೆಯುತ್ತಾರೆ.

4. ತುಕ್ಕು ಹಿಡಿದ ಬೋಲ್ಟುಗಳು ಸುಲಭವಾಗಿ ತಿರುಗುವುದಿಲ್ಲ. ತುಕ್ಕು ಉಬ್ಬಿ ಬೋಲ್ಟನ್ನು ಹಿಡಿದುಕೊಂಡಿರುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಸ್ವಲ್ಪ ಹೊತ್ತು ಬಿಟ್ಟು ತಿರುಗಿಸುತ್ತಾರೆ. ಇಲ್ಲಿ ಬಿಸಿ ಮಾಡುವಂತಿಲ್ಲ. ಏಕೆಂದು ನಿಮಗೀಗ ಗೊತ್ತು.

5. ಬಾಯಿಯ ಸುತ್ತಲಿನ ಸ್ಕ್ರೂ, ಕೆಳಗಿನ ರಬ್ಬರ್ ಕೊಳವೆಯ ಕ್ಲಿಪ್ ಬಿಚ್ಚಿ ಹಳೆಯ ಕತ್ತನ್ನು ನಿಧಾನವಾಗಿ ಹೊರಗೆ ತೆಗೆಯುತ್ತಾರೆ. ತುಕ್ಕಿನ ಚೂರುಗಳು ಟ್ಯಾಂಕಿಗೆ ಬೀಳದಂತೆ ಅದರ ಬಾಯಿಗೆ ಕೂಡಲೇ ಶುಭ್ರವಾದ ಬಟ್ಟೆ ತುರುಕುತ್ತಾರೆ.

6. ಹಳೆಯದನ್ನೂ ಹೊಸದನ್ನೂ ಪಕ್ಕದಲ್ಲಿಟ್ಟು ಉದ್ದ, ಬಾಗು, ತೂತುಗಳ ಜಾಗ ಒಂದೇ ಇವೆಯೇ ಎಂದು ನೋಡುತ್ತಾರೆ. ಮಾರುತಿ 800, ಅಂಬಾಸಡರ್ ಎರಡೂ ಕಾರುಗಳ ತಯಾರಿಕೆ 2014ರಲ್ಲಿ ನಿಂತಿತು. ಇಂಥ ಕಾರಿಗೆ ಬಿಡಿಭಾಗ ಹುಡುಕುವಾಗ ಅಳತೆ ನೋಡಿಯೇ ಕೊಳ್ಳಬೇಕು.

7. ರಬ್ಬರ್ ಕೊಳವೆ, ವಾಷರ್, ಕ್ಲಿಪ್ಪುಗಳನ್ನೂ ಹೊಸದಾಗಿ ಹಾಕುತ್ತಾರೆ. ಹಳೆಯ ರಬ್ಬರ್ ಬಿರುಕು ಬಿಟ್ಟಿರುತ್ತದೆ. ಬಟ್ಟೆ ಹೊರಗೆ ತೆಗೆದು, ಗಾಳಿಯ ಸಣ್ಣ ಕೊಳವೆಯನ್ನು ಮರೆಯದೆ ಜೋಡಿಸುತ್ತಾರೆ. ಕತ್ತಿನಿಂದ ಕಾರಿನ ತಗಡಿಗೆ ತಂತಿಯೊಂದು ಇದ್ದರೆ ಅದನ್ನೂ ಮತ್ತೆ ಬಿಗಿಯುತ್ತಾರೆ. ಪೆಟ್ರೋಲ್ ಹರಿಯುವಾಗ ಹುಟ್ಟುವ ಸ್ಥಿರ ವಿದ್ಯುತ್ತು ಒಂದೇ ಕಡೆ ಸೇರಿ ಕಿಡಿಯಾಗದಂತೆ ಆ ತಂತಿ ಕಾಯುತ್ತದೆ.

8. ಮೊದಲು ಕೆಲವೇ ಲೀಟರ್ ಹಾಕಿ, ನಂತರ ತುಂಬಿಸಿ, ಎಲ್ಲಾದರೂ ಒದ್ದೆ ಇದೆಯೇ, ವಾಸನೆ ಬರುತ್ತದೆಯೇ ಎಂದು ನೋಡುತ್ತಾರೆ. ತುಂಬಿಸಿಯೇ ಏಕೆ ನೋಡಬೇಕು? ಪತ್ತೇದಾರಿ ಭಾಗವನ್ನು ಇನ್ನೊಮ್ಮೆ ಓದಿ.

ಒಂದು ಎಚ್ಚರಿಕೆ. ಟ್ಯಾಂಕ್ ಖಾಲಿ ಮಾಡಲು ಕೆಲವರು ಕೊಳವೆ ಇಳಿಬಿಟ್ಟು ಬಾಯಿಯಿಂದ ಪೆಟ್ರೋಲ್ ಎಳೆಯುತ್ತಾರೆ. ಇದು ಬಹಳ ಕೆಟ್ಟ ಅಭ್ಯಾಸ. ಪೆಟ್ರೋಲ್ ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೆ ಕುತ್ತು. ಕೈಪಂಪು ಬಳಸಬೇಕು. ಯಾರಾದರೂ ಅಕಸ್ಮಾತ್ ಪೆಟ್ರೋಲ್ ನುಂಗಿದರೆ ವಾಂತಿ ಮಾಡಿಸಬೇಡಿ. ತಕ್ಷಣ ಆಸ್ಪತ್ರೆಗೆ ಕರೆದೊಯ್ಯಲು ದೊಡ್ಡವರಿಗೆ ಹೇಳಿ.

ತುಕ್ಕನ್ನು ತಡೆಯುವ ಬಗೆ

ತುಕ್ಕಿಗೆ ನೀರು, ಆಮ್ಲಜನಕ ಎರಡೂ ಬೇಕು. ಅವು ಕಬ್ಬಿಣವನ್ನು ಮುಟ್ಟದಂತೆ ತಡೆದರೆ ತುಕ್ಕೂ ಇಲ್ಲ. ಬಣ್ಣ, ಎಣ್ಣೆ, ಗ್ರೀಸು ಈ ಕೆಲಸ ಮಾಡುತ್ತವೆ. ಕಬ್ಬಿಣದ ಮೇಲೆ ಸತುವಿನ ಲೇಪನ ಕೊಟ್ಟರೆ ಇನ್ನೂ ಒಳ್ಳೆಯದು. ಲೇಪನ ಸ್ವಲ್ಪ ಗೀರಿದರೂ ಸತು ತಾನು ಮೊದಲು ಸವೆದು ಕಬ್ಬಿಣವನ್ನು ಕಾಪಾಡುತ್ತದೆ. ಜಿ.ಐ. ಬಕೆಟ್ಟು, ತಗಡಿನ ಶೀಟು ಬಹುಕಾಲ ಬಾಳುವುದು ಇದರಿಂದಲೇ. ಈಗಿನ ಬಹುಪಾಲು ಹೊಸ ಕಾರುಗಳಲ್ಲಿ ಟ್ಯಾಂಕನ್ನೇ ಪ್ಲಾಸ್ಟಿಕ್ಕಿನಿಂದ ಮಾಡುತ್ತಾರೆ.

ದೆಹಲಿಯ ಕಬ್ಬಿಣದ ಸ್ತಂಭ ಸುಮಾರು 1600 ವರ್ಷಗಳಿಂದ ಬಯಲಿನಲ್ಲಿ ನಿಂತಿದೆ. ಅದರ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚಿದ್ದು, ಮೇಲೆ ಉಂಟಾದ ತೆಳು ಪದರ ಒಳಗಿನ ಲೋಹವನ್ನು ಕಾಯುತ್ತಿದೆ. ನಮ್ಮ ರಾಜ್ಯದಲ್ಲೇ ತಿಂಗಳುಗಟ್ಟಲೆ ಮಳೆ ಸುರಿಯುವ ಕೊಡಚಾದ್ರಿ ಬೆಟ್ಟದ ಮೇಲೆ ದೇವಾಲಯದ ಮುಂದೆ ಹಳೆಯ ಕಬ್ಬಿಣದ ಕಂಬವೊಂದು ನಿಂತಿದೆ.

ಕಾರಿಗೆ ಬೇಕಾದದ್ದು ಇಷ್ಟೇ: ಮಳೆಗಾಲದಲ್ಲಿ ಚಕ್ರದ ಕಮಾನಿನೊಳಗೆ ನೀರು ಹಾಯಿಸಿ ಮಣ್ಣು ತೆಗೆಯುವುದು, ಬಾಯಿಯ ಸುತ್ತಲಿನ ಸಣ್ಣ ತೂತು ಕಟ್ಟದಂತೆ ನೋಡುವುದು, ಮುಚ್ಚಳದ ರಬ್ಬರ್ ಸರಿಯಿದೆಯೇ ಎಂದು ಪರೀಕ್ಷಿಸುವುದು. ಹೊರಗೆ ಫಳಫಳ ಹೊಳೆಯುವ ಕಾರಿನ ಒಳಗೂ ಮಣ್ಣು ಕೂತಿರಬಹುದು. ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಹಳೆಯ ಕಾರಿದ್ದರೆ ಇದನ್ನು ತಿಳಿಸಿ. ಪೆಟ್ರೋಲ್ ವಾಸನೆ ಬಂದರೆ "ಹಳೆ ಕಾರು, ವಾಸನೆ ಇದ್ದದ್ದೇ" ಎಂದು ಬಿಡದೆ ತೋರಿಸಲು ಹೇಳಿ.

ಮಾಡಿ ನೋಡಿ

(ಯಾವ ಪ್ರಯೋಗಕ್ಕೂ ಪೆಟ್ರೋಲ್ ಬಳಸಬೇಡಿ.)

1. ಐದು ಹೊಸ ಕಬ್ಬಿಣದ ಮೊಳೆಗಳನ್ನು ತೆಗೆದುಕೊಳ್ಳಿ. ಮೊದಲನೆಯದನ್ನು ಹುರಿದು ಆರಿಸಿದ ಅಕ್ಕಿಯೊಡನೆ ಒಣ ಬಾಟಲಿಯಲ್ಲಿಟ್ಟು ಮುಚ್ಚಿ. ಎರಡನೆಯದನ್ನು ಕಾಯಿಸಿ ಆರಿಸಿದ ನೀರಿನಲ್ಲಿ ಮುಳುಗಿಸಿ ಮೇಲೆ ಎಣ್ಣೆಯ ಪದರ ಹಾಕಿ. ಮೂರನೆಯದನ್ನು ಸಾದಾ ನೀರಿನಲ್ಲಿ, ನಾಲ್ಕನೆಯದನ್ನು ಉಪ್ಪು ನೀರಿನಲ್ಲಿ ಅರ್ಧ ಮುಳುಗುವಂತೆ ಇಡಿ. ಐದನೆಯದಕ್ಕೆ ಹಸಿ ಎರೆ ಮಣ್ಣು ಮೆತ್ತಿ, ದಿನಕ್ಕೊಮ್ಮೆ ಸ್ವಲ್ಪ ನೀರು ಚಿಮುಕಿಸಿ. ಹತ್ತು ದಿನ ನೋಡಿ, ಪಟ್ಟಿ ಮಾಡಿ.

2. ಬಾಟಲಿಯ ಬಾಯಿಗೆ ಆಲಿಕೆ ಇಟ್ಟು ಸುತ್ತಲೂ ಹಸಿ ಮಣ್ಣಿನಿಂದ ಗಾಳಿಯಾಡದಂತೆ ಮುಚ್ಚಿ. ಆಲಿಕೆಗೆ ಒಮ್ಮೆಲೇ ನೀರು ಸುರಿಯಿರಿ. ನೀರು ಸರಾಗವಾಗಿ ಇಳಿಯುತ್ತದೆಯೇ? ಈಗ ಮಣ್ಣಿನ ಮೂಲಕ ಒಂದು ಸ್ಟ್ರಾ ಚುಚ್ಚಿ ಬಾಟಲಿಯೊಳಗೆ ಇಳಿಸಿ. ಏನಾಯಿತು? ಸ್ಟ್ರಾ ಕಾರಿನ ಯಾವ ಭಾಗಕ್ಕೆ ಸಮ?

3. ಗಾಜಿನ ಲೋಟದಲ್ಲಿ ಶೇಂಗಾ ಎಣ್ಣೆ ಹಾಕಿ, ಅದರ ಮೇಲೆ ಕುಂಕುಮ ಕದಡಿದ ನೀರನ್ನು ಹನಿಹನಿಯಾಗಿ ಬಿಡಿ. ಹನಿಗಳು ಎಲ್ಲಿಗೆ ಹೋದವು? ಟ್ಯಾಂಕಿಗೆ ಸೇರಿದ ನೀರಿನೊಡನೆ ಹೋಲಿಸಿ ಬರೆಯಿರಿ.

ಯೋಚಿಸಿ ಉತ್ತರಿಸಿ

1. ಒಂದೇ ವರ್ಷ ಕೊಂಡ ಎರಡು ಕಾರುಗಳು. ಒಂದು ಒಣ ಬಯಲಿನ ಊರಿನಲ್ಲಿ, ಇನ್ನೊಂದು ಭತ್ತದ ಗದ್ದೆಗಳ ನಡುವಿನ ಊರಿನಲ್ಲಿ ಓಡಾಡುತ್ತವೆ. ಯಾವುದರ ಕತ್ತಿಗೆ ಬೇಗ ತುಕ್ಕು ಹಿಡಿಯುತ್ತದೆ? ಎರಡು ಕಾರಣ ಕೊಡಿ.

2. ಟ್ಯಾಂಕಿನಲ್ಲಿ ಕಾಲು ಭಾಗ ಪೆಟ್ರೋಲ್ ಇದ್ದಾಗಲೂ ಕಾರಿನ ಕೆಳಗೆ ಹನಿ ಬೀಳುತ್ತಿದೆ. ತೂತು ಎಲ್ಲಿರಬಹುದು?

3. ನಿಮ್ಮ ಶಾಲೆಯ ಆವರಣದಲ್ಲಿ ತುಕ್ಕು ಹಿಡಿದ ಐದು ವಸ್ತುಗಳನ್ನು ಗುರುತಿಸಿ. ಪ್ರತಿಯೊಂದರಲ್ಲಿ ತುಕ್ಕು ಎಲ್ಲಿಂದ ಶುರುವಾಗಿದೆ? ಅಲ್ಲಿ ನೀರು ನಿಲ್ಲಲು ಕಾರಣವೇನು? ಗೆಳೆಯರೊಡನೆ ಚರ್ಚಿಸಿ, ನಿಮ್ಮ ಶಿಕ್ಷಕರಿಗೆ ತೋರಿಸಿ.